ಲೀಡರ್ ಭಕ್ತಿ ನಿಜಾನೋ ಶೋನೋ, ಮನೇಲೇ ಕೂತು ಚೆಕ್ ಮಾಡೋದು ಹೇಗೆ

ಎಲೆಕ್ಷನ್ ಹತ್ರ ಬಂತು ಅಂದ್ರೆ ಬೆಂಗಳೂರಲ್ಲಿ ದೇವ್ರಿಗೂ ಬಿಡುವಿರಲ್ಲ. ಬೆಳಗ್ಗೆ ಬನಶಂಕರಿ, ಹತ್ತು ಗಂಟೆಗೆ ಗವಿ ಗಂಗಾಧರೇಶ್ವರ, ಮಧ್ಯಾಹ್ನ ಯಾವ್ದೋ ಮಠದಲ್ಲಿ ಸ್ವಾಮೀಜಿ ಕಾಲಿಗೆ ಉದ್ದಂಡ ನಮಸ್ಕಾರ, ಸಂಜೆ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಒಂದು ಕ್ಯಾಂಡಲ್, ರಂಜಾನ್ ತಿಂಗಳಾದ್ರೆ ರಾತ್ರಿ ಟೋಪಿ ಹಾಕ್ಕೊಂಡು ಇಫ್ತಾರ್. ಇದನ್ನ ನೋಡಿದವ್ರು ಎರಡೇ ಥರ ಮಾತಾಡ್ತಾರೆ, ಒಂದು ಪಾಪ ಎಷ್ಟು ದೈವಭಕ್ತರು ಅಂತ, ಇನ್ನೊಂದು ಎಲ್ಲಾ ನಾಟಕ ಕಣ್ರೀ ಅಂತ. ನಮ್ ಪಾರ್ಟಿಯವ್ರಾದ್ರೆ ಮೊದಲನೇದು, ಎದುರು ಪಾರ್ಟಿಯವ್ರಾದ್ರೆ ಎರಡನೇದು. ತಲೆ ಓಡಿಸೋ ಅಗತ್ಯನೇ ಇಲ್ಲ.

ನಾನು ಹೇಳೋ ದಾರಿ ಬೇರೆ. ಎದೆ ಸೀಳಿ ತೋರ್ಸೋಕೆ ಎಲ್ರೂ ಹನುಮಂತ ಅಲ್ಲ, ಹಂಗಾಗಿ ಒಳಗೆ ನಂಬಿಕೆ ಇದ್ಯಾ ಇಲ್ವಾ ಅಂತ ಕೇಳ್ತಾ ಕೂತ್ರೆ ಉತ್ತರ ಸಿಗಲ್ಲ. ಆದ್ರೆ ಆ ನಂಬಿಕೆಗೋಸ್ಕರ ಅವ್ರು ಏನಾದ್ರೂ ಕಳ್ಕೊಂಡಿದ್ದಾರಾ, ವೋಟೋ ದುಡ್ಡೋ ನಿದ್ದೆನೋ ಮರ್ಯಾದೆನೋ, ಇದು ಮಾತ್ರ ಕಣ್ಣಿಗೆ ಕಾಣೋ ವಿಷಯ, ಹಳೇ ಪೇಪರಲ್ಲಿ ಸಿಗೋ ವಿಷಯ. ಹುಡುಕೋಕೆ ಬೇಕಾಗಿರೋದು ಒಂದು ಫೋನು, ಸ್ವಲ್ಪ ತಾಳ್ಮೆ, ಮತ್ತೆ ನಿಮ್ ಏರಿಯಾದ ಸಣ್ಣ ಗುಡಿ ಅರ್ಚಕರ ಪರಿಚಯ ಇದ್ರೆ ಇನ್ನೂ ಒಳ್ಳೇದು.

ಫೋಟೋಗ್ರಾಫರ್ ಎಲ್ಲಿ ನಿಂತಿದ್ದ?

ಲೀಡರ್ ಕಣ್ಮುಚ್ಚಿ ಕೈ ಮುಗಿದಿರೋ ಫೋಟೋ ಬಂದ್ರೆ ಅವ್ರ ಮುಖ ನೋಡ್ಬೇಡಿ, ಆ್ಯಂಗಲ್ ನೋಡಿ. ಮುಖ ನೇರವಾಗಿ ಕಾಣ್ತಿದ್ರೆ ಕ್ಯಾಮೆರಾ ಗರ್ಭಗುಡಿ ಕಡೆಯಿಂದ ಹೊರಗೆ ತಿರುಗಿದೆ ಅಂತ ಅರ್ಥ, ಅಂದ್ರೆ ಭಕ್ತರಿಗಿಂತ ಮುಂಚೆ ಫೋಟೋಗ್ರಾಫರ್ ಒಳಗೆ ಹೋಗಿ ದೇವ್ರಿಗೆ ಬೆನ್ನು ಹಾಕಿ ನಿಂತಿದ್ದಾನೆ. ಹಿಂದಿನಿಂದ ಯಾರೋ ಮೊಬೈಲಲ್ಲಿ ತೆಗ್ದಿರೋ ಅರ್ಧಂಬರ್ಧ ಫೋಟೋ ಆದ್ರೆ, ಪ್ಲಾನ್ ಮಾಡಿಲ್ಲ ಅನ್ನೋ ಛಾನ್ಸ್ ಜಾಸ್ತಿ.

ಆಮೇಲೆ ಡೇಟ್ ನೋಡಿ. ಮೋದಿ ಕೇದಾರನಾಥದ ಗುಹೇಲಿ ಧ್ಯಾನಕ್ಕೆ ಕೂತಿದ್ದು 2019ರ ಮೇ 18ಕ್ಕೆ, ಮಾರನೇ ದಿನ ಕೊನೇ ಹಂತದ ವೋಟಿಂಗ್. 2024ರಲ್ಲಿ ಕನ್ಯಾಕುಮಾರಿ ವಿವೇಕಾನಂದ ಬಂಡೆ ಮೇಲೆ ಕೂತಿದ್ದೂ ಕೊನೇ ಹಂತದ ಹೊತ್ತಿಗೇನೇ. ರಾಹುಲ್ ಗಾಂಧಿ ಗುಜರಾತಲ್ಲಿ ಗುಡಿ ಗುಡಿ ಸುತ್ತಿದ್ದು 2017ರ ಅಸೆಂಬ್ಲಿ ಎಲೆಕ್ಷನ್ ಟೈಮಲ್ಲಿ, ಅವ್ರು ಜನಿವಾರ ಹಾಕ್ತಾರಾ ಇಲ್ವಾ ಅನ್ನೋ ಚರ್ಚೆ ಎದ್ದಿದ್ದೂ ಆಗ್ಲೇ. ಕೇಜ್ರಿವಾಲ್ ಟಿವೀಲಿ ಹನುಮಾನ್ ಚಾಲೀಸಾ ಹೇಳಿದ್ದು 2020ರ ಫೆಬ್ರವರಿ, ದೆಹಲಿ ಎಲೆಕ್ಷನ್. ಅಮೆರಿಕದಲ್ಲಿ ಟ್ರಂಪ್ ಚರ್ಚ್ ಮುಂದೆ ಬೈಬಲ್ ಎತ್ತಿ ಹಿಡಿದು ನಿಂತಿದ್ದು 2020ರ ಜೂನ್ 1, ಅದೂ ಎಲೆಕ್ಷನ್ ವರ್ಷ, ಸುತ್ತಮುತ್ತ ಪ್ರತಿಭಟನೆ ಮಾಡ್ತಿದ್ದವ್ರನ್ನ ಪೊಲೀಸ್ರು ಚದುರಿಸಿದ ಮೇಲೆ. ಯಾವ ಪಾರ್ಟಿನೂ ಬಿಟ್ಟಿಲ್ಲ, ಯಾವ ದೇಶನೂ ಬಿಟ್ಟಿಲ್ಲ.

ಆದ್ರೆ ಇಷ್ಟಕ್ಕೇ ಸುಳ್ಳು ಅಂತ ಸೀಲ್ ಒತ್ತಬೇಡಿ. ದೊಡ್ಡ ಹುದ್ದೇಲಿರೋರ ಸುತ್ತ ಕ್ಯಾಮೆರಾ ಇದ್ದೇ ಇರುತ್ತೆ, ಅವ್ರು ಇಡ್ಲಿ ತಿಂದ್ರೂ ಸುದ್ದಿನೇ. ಅದೇ ಮೋದಿ 2014ರ ಸೆಪ್ಟೆಂಬರಲ್ಲಿ ನವರಾತ್ರಿ ಉಪವಾಸ ಇದ್ದಾಗ ಒಬಾಮಾ ವೈಟ್ ಹೌಸಲ್ಲಿ ಕೊಟ್ಟ ಊಟಕ್ಕೆ ಕೂತು ಬರೀ ಬಿಸಿನೀರು ಕುಡಿದ್ರು. ಎದುರಿಗೆ ಅತಿಥಿಸತ್ಕಾರ, ಹಿಂದೆ ದಿನವಿಡೀ ಮೀಟಿಂಗು, ಆದ್ರೂ ವ್ರತ ಬಿಡ್ಲಿಲ್ಲ ಅಂದ್ರೆ ಅದು ಬೇರೆ ಲೆಕ್ಕಕ್ಕೆ ಬರುತ್ತೆ. ಹಂಗಾಗಿ ನಿಮ್ಮ ಎಂಎಲ್ಎ ಪೇಜಿಗೆ ಹೋಗಿ, ಎಲೆಕ್ಷನ್ ಇಲ್ಲದ ವರ್ಷಕ್ಕೆ ಸ್ಕ್ರೋಲ್ ಮಾಡಿ, ಗೆದ್ದು ಎರಡು ವರ್ಷ ಆದ್ಮೇಲೆ ಅದೇ ಗುಡೀಲಿ ಕಾಣಿಸ್ಕೊಂಡಿದ್ದಾರಾ ನೋಡಿ. ಮೊನ್ನೆ ಕಾಣಿಕೆ ಘೋಷಣೆ ಮಾಡಿದ ಗುಡಿ ಕೆಲಸ ಮುಗೀತಾ ಅದನ್ನೂ ನೋಡಿ.

ಸಂಕಲ್ಪದ ಹೊತ್ತಲ್ಲಿ ಬಾಯಿ ಬಿಡೋದು ಯಾರು

ಇದು ಅರ್ಚಕರೇ ಹೇಳ್ಕೊಟ್ಟ ಟೆಸ್ಟು. ನಮ್ ಕಡೆ ಒಂದು ಚಿಕ್ಕ ಆಂಜನೇಯ ಗುಡಿ ಇದೆ, ನಾಲ್ಕು ಜನ ನಿಂತ್ರೆ ಫುಲ್. ಅಲ್ಲಿಗೆ ಕಾರ್ಪೊರೇಟರ್ ಟಿಕೆಟ್ ಆಸೆ ಇರೋ ಒಬ್ರು ಬರ್ತಾರೆ, ಹಿಂದೆ ಹದಿನೈದು ಹುಡುಗ್ರು. ಅರ್ಚಕರು ಅರ್ಚನೆಗೆ ಹೆಸರು ಗೋತ್ರ ನಕ್ಷತ್ರ ಕೇಳ್ತಾರಲ್ಲ, ಆಗ ಇವ್ರು ಹುಡುಗ್ರ ಕಡೆ ನೋಡ್ತಾರೆ, ಪಿಎ ಮುಂದೆ ಬಂದು "ಅಣ್ಣಂದು ಉತ್ತರಾ ನಕ್ಷತ್ರ, ಕನ್ಯಾ ರಾಶಿ ಸ್ವಾಮಿ" ಅಂತಾನೆ. ಗೋತ್ರ ಗೊತ್ತಿಲ್ಲ, ಶಿವಗೋತ್ರ ಅಂತ ಹಾಕ್ಕೊಳ್ಳಿ ಅಂತಾನೆ. ಅಷ್ಟೊತ್ತು ಅಣ್ಣ ಶಾಲು ಸರಿ ಮಾಡ್ಕೊಳ್ತಿರ್ತಾರೆ. ಮಂಗಳಾರತಿ ಆಯ್ತು, ತಟ್ಟೆಗೆ ಐನೂರರ ನೋಟು ಬಿತ್ತು, ಅಷ್ಟರಲ್ಲಿ ರೀಲ್ಸ್ ಹುಡುಗ "ಸ್ವಾಮಿ ಫೋಕಸ್ ಆಗ್ಲಿಲ್ಲ, ಇನ್ನೊಂದ್ಸಲ ಆರತಿ ಎತ್ತಿ" ಅಂದ. ಅರ್ಚಕರು ಏನ್ಮಾಡ್ತಾರೆ ಪಾಪ, ಇನ್ನೊಂದು ಬಿಲ್ಲೆ ಕರ್ಪೂರ ಹಚ್ಚಿದ್ರು. ಎರಡನೇದನ್ನ ಯಾವ ಲೆಕ್ಕಕ್ಕೆ ಹಾಕ್ಲಿ ಅಂತ ನನ್ನನ್ನೇ ಕೇಳ್ತಾರೆ.

ಇಷ್ಟು ಕೇಳಿ ನಕ್ಕು ಬಿಡ್ಬಹುದಿತ್ತು. ಆದ್ರೆ ಅದೇ ಅರ್ಚಕರು ಇನ್ನೊಂದು ವಿಷಯನೂ ಹೇಳಿದ್ರು. ಅದೇ ಅಣ್ಣ ಒಂದಿನ ಬೆಳಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಒಬ್ರೇ ಸ್ಕೂಟರಲ್ಲಿ ಬಂದಿದ್ರಂತೆ, ತಾಯಿಗೆ ಹಾರ್ಟ್ ಆಪರೇಷನ್ ಇತ್ತು, ಕಂಬದ ಹಿಂದೆ ಕೂತು ತಾಯಿ ಹೆಸರು ನಕ್ಷತ್ರ ಗೋತ್ರ ಎಲ್ಲಾ ತಾವೇ ಹೇಳಿ ಅರ್ಚನೆ ಮಾಡ್ಸಿ ಪ್ರಸಾದ ಜೇಬಲ್ಲಿಟ್ಕೊಂಡು ಹೋದ್ರಂತೆ. ಗೋತ್ರ ಗೊತ್ತಿತ್ತು ಹಂಗಾದ್ರೆ!

ಅದಕ್ಕೇ ನಾನು ಹೇಳೋದು, ಮನುಷ್ಯನಿಗೆ ಮಾರ್ಕ್ಸ್ ಕೊಡ್ಬೇಡಿ, ಒಂದೊಂದು ಭೇಟಿಗೆ ಬೇರೆ ಬೇರೆ ಮಾರ್ಕ್ಸ್ ಕೊಡಿ. ಒಬ್ರೇ ವ್ಯಕ್ತಿ ಸೋಮವಾರ ಶೋ ಮಾಡಿ ಶನಿವಾರ ನಿಜವಾಗ್ಲೂ ಅತ್ತಿರ್ಬಹುದು.

ಇನ್ನೊಂದು ಎಚ್ಚರಿಕೆ. ತೀರ್ಥ ತಗೊಳ್ಳೋಕೆ ಬರ್ಲಿಲ್ಲ, ಮಂತ್ರ ತಪ್ಪು ಹೇಳಿದ್ರು ಅಂತೆಲ್ಲಾ ಟ್ರೋಲ್ ಮಾಡೋದು ಟೆಸ್ಟ್ ಅಲ್ಲ. ಕೊರಳಲ್ಲಿ ಇಷ್ಟಲಿಂಗ ಇರೋರಿಗೆ ಗುಡಿ ಕ್ಯೂ ಅಭ್ಯಾಸ ಇಲ್ದೇ ಇರ್ಬಹುದು, ಊರ ಮಾರಮ್ಮನ್ನ ನಂಬೋರಿಗೆ ಸಂಸ್ಕೃತ ಬರ್ಲೇಬೇಕು ಅಂತ ರೂಲ್ಸ್ ಇಲ್ಲ. ಪದ್ಧತಿ ಗೊತ್ತಿರೋರು ಸುಳ್ಳರಿರ್ತಾರೆ, ಗೊತ್ತಿಲ್ದೇ ಇರೋರು ಅಪ್ಪಟ ಭಕ್ತರಿರ್ತಾರೆ.

ಭಯ ಇದ್ದ ಕಡೆ ನಂಬಿಕೆ ಗ್ಯಾರಂಟಿ

ನನ್ನ ಪ್ರಕಾರ ಕರ್ನಾಟಕದ ರಾಜಕಾರಣಿಗಳಲ್ಲಿ ನಂಬಿಕೆ ಇಲ್ಲ ಅನ್ನೋದು ದೊಡ್ಡ ಸುಳ್ಳು. ಬೇಕಾದಷ್ಟಿದೆ. ಆದ್ರೆ ಅದು ಫ್ಲೆಕ್ಸಲ್ಲಿ ಕಾಣಲ್ಲ, ಭಯದಲ್ಲಿ ಕಾಣುತ್ತೆ. ಚಾಮರಾಜನಗರಕ್ಕೆ ಹೋದ ಮುಖ್ಯಮಂತ್ರಿ ಕುರ್ಚಿ ಕಳ್ಕೊಳ್ತಾರೆ ಅನ್ನೋ ಮಾತಿಗೆ ಹೆದರಿ ಎಷ್ಟೋ ವರ್ಷ ಸಿಎಂಗಳು ಆ ಜಿಲ್ಲಾ ಕೇಂದ್ರದ ಕಡೆ ತಲೆ ಹಾಕಿರ್ಲಿಲ್ಲ. ಅಲ್ಲಿ ವೋಟಿದೆ, ಜನ ಇದ್ದಾರೆ, ಹೋಗ್ದಿದ್ರೆ ನಷ್ಟ, ಆದ್ರೂ ಹೋಗ್ಲಿಲ್ಲ ಅಂದ್ರೆ ಆ ನಂಬಿಕೆ ನೂರಕ್ಕೆ ನೂರು ನಿಜ. ಎಚ್.ಡಿ. ರೇವಣ್ಣ ಕೈಯಲ್ಲಿ ನಿಂಬೆಹಣ್ಣು ಕಂಡಿದ್ದಕ್ಕೆ ಇಡೀ ರಾಜ್ಯ ನಕ್ಕಿತು, ಎಷ್ಟು ಟ್ರೋಲ್ ಆದ್ರೂ ನಿಂಬೆಹಣ್ಣು ಹೋಗ್ಲಿಲ್ಲ. ಯಡಿಯೂರಪ್ಪನವ್ರು ಇಂಗ್ಲಿಷಲ್ಲಿ ತಮ್ಮ ಹೆಸರಿನ ಸ್ಪೆಲ್ಲಿಂಗ್ ಬದಲಾಯಿಸ್ಕೊಂಡು, 2019ರಲ್ಲಿ ನಾಲ್ಕನೇ ಸಲ ಸಿಎಂ ಆಗೋ ಹೊತ್ತಿಗೆ ಮತ್ತೆ ಹಳೇದಕ್ಕೇ ಬಂದ್ರು. ಡಿ.ಕೆ. ಶಿವಕುಮಾರ್ 2023ರ ಮೇ 20ಕ್ಕೆ ಕಂಠೀರವ ಸ್ಟೇಡಿಯಂನಲ್ಲಿ ಪ್ರಮಾಣವಚನ ತಗೊಂಡಿದ್ದು ತಮ್ಮ ಗುರು ಗಂಗಾಧರ ಅಜ್ಜನ ಹೆಸರಲ್ಲಿ. ಅಜ್ಜಯ್ಯನ ಹೆಸರು ಹೇಳಿದ್ರೆ ರಾಜ್ಯದಲ್ಲಿ ಎಕ್ಸ್‌ಟ್ರಾ ವೋಟು ಬೀಳೋ ಥರ ಏನಿಲ್ಲ, ಅದು ಅವ್ರ ಸ್ವಂತದ್ದು ಅನ್ಸುತ್ತೆ ನಂಗೆ.

ವಿಧಾನಸೌಧದ ಮುಂದೆ ಸರ್ಕಾರದ ಕೆಲಸ ದೇವರ ಕೆಲಸ ಅಂತ ಬರೆದಿದೆ, ಒಳಗೆ ಸಿಎಂ ಚೇಂಬರ್‌ನ ಒಂದು ಬಾಗಿಲನ್ನ ವಾಸ್ತು ಅಂತ ಮುಚ್ಚಿಟ್ಟಿದ್ರು, 2023ರ ಜೂನಲ್ಲಿ ಸಿದ್ದರಾಮಯ್ಯ ಬಂದು ತೆಗೆಸಿದ್ರು. 2017ರಲ್ಲಿ ಮೌಢ್ಯ ನಿಷೇಧ ಕಾಯ್ದೆ ಪಾಸ್ ಆಯ್ತಲ್ಲ, ಅದರಲ್ಲಿ ವಾಸ್ತು ಜ್ಯೋತಿಷ್ಯ ಸೇರಿಸ್ಲಿಲ್ಲ, ಯಾಕೆ ಅಂತ ನೀವೇ ಯೋಚ್ನೆ ಮಾಡಿ.

ಸೋ ಇಲ್ಲಿ ನೋಡ್ಬೇಕಾಗಿರೋದು, ಮುಚ್ಚಿಟ್ಟು ಮಾಡೋ ಪೂಜೆ ಯಾವ್ದು, ನಗೆಪಾಟಲಾದ್ರೂ ಬಿಡದ ಅಭ್ಯಾಸ ಯಾವ್ದು. ಅಲ್ಲಿ ನಿಜ ಇರುತ್ತೆ. ಒಳ್ಳೇತನ ಇರುತ್ತೆ ಅಂತ ನಾನು ಹೇಳ್ಲಿಲ್ಲ, ಅದು ಬೇರೆ ಫೈಲು.

ಆಣೆ ಟೆಸ್ಟ್, ಇದಕ್ಕಿಂತ ಒಳ್ಳೇದಿಲ್ಲ

2011ರ ಜೂನ್ ನೆನಪಿದ್ಯಾ? ಯಡಿಯೂರಪ್ಪ ಮುಖ್ಯಮಂತ್ರಿ, ಕುಮಾರಸ್ವಾಮಿ ಸಿಎಂ ವಿರುದ್ಧ ಆರೋಪದ ಮೇಲೆ ಆರೋಪ ಮಾಡ್ತಿದ್ರು. ರಾಜಿಗೆ ಕುಮಾರಸ್ವಾಮಿ ಕಡೆಯಿಂದ ಜನ ಬಂದಿದ್ರು ಅಂತ ಸಿಎಂ ಹೇಳಿದ್ರು, ಇವ್ರು ಸುಳ್ಳು ಅಂದ್ರು, ಹಂಗಾದ್ರೆ ಧರ್ಮಸ್ಥಳಕ್ಕೆ ಬನ್ನಿ ಮಂಜುನಾಥನ ಮುಂದೆ ಆಣೆ ಮಾಡಿ ಅಂತ ಬಹಿರಂಗ ಸವಾಲು. ಜೂನ್ 27ಕ್ಕೆ ಇಬ್ರೂ ಹೋದ್ರು. ಇಡೀ ರಾಜ್ಯ ಟಿವಿ ಮುಂದೆ. ಬೇರೆ ಬೇರೆಯಾಗಿ ದರ್ಶನ ಮಾಡಿದ್ರು, ಕೈ ಮುಗಿದ್ರು, ಆಣೆ ಮಾತ್ರ ಮಾಡ್ದೇ ವಾಪಸ್ ಬಂದ್ರು.

ಆಗ ಎಲ್ರೂ ನೋಡಿದ್ರಾ ನಾಟಕ ಅಂದ್ರು. ನಂಗೆ ಉಲ್ಟಾ ಅನ್ಸುತ್ತೆ. ದೇವ್ರು ಬರೀ ಕಲ್ಲು ಅಂತ ಒಳಗೊಳಗೇ ಅಂದ್ಕೊಂಡಿರೋ ಮನುಷ್ಯನಿಗೆ ಆಣೆ ಮಾಡೋದು ಎಷ್ಟೊತ್ತಿನ ಕೆಲಸ? ಎರಡು ನಿಮಿಷ, ಮಾರನೇ ದಿನ ಪೇಪರಲ್ಲಿ ಹೆಡ್‌ಲೈನು, ರಾಜಕೀಯವಾಗಿ ಭರ್ಜರಿ ಲಾಭ. ಅಷ್ಟು ಲಾಭ ಎದುರಿಗಿದ್ರೂ ನಾಲಿಗೆ ತಡೀತು ಅಂದ್ರೆ, ಯಾರು ಸರಿ ಯಾರು ತಪ್ಪು ಅನ್ನೋದು ಪಕ್ಕಕ್ಕಿಡಿ, ಮಂಜುನಾಥನ ಮೇಲೆ ಅವರಿಬ್ರಿಗೂ ಭಯ ಇರೋದು ನಿಜ. ಹಿಂಗೆ ಸವಾಲ್ ಹಾಕೋ ಲೀಡರ್ಸ್ ಈಗ್ಲೂ ದಿನಾ ಸಿಗ್ತಾರೆ, ಚಾಮುಂಡಿ ಬೆಟ್ಟಕ್ಕೆ ಬನ್ನಿ, ಕರ್ಪೂರ ಹಚ್ಚಿ ಬನ್ನಿ ಅಂತ. ಸವಾಲ್ ಹಾಕಿದ್ದನ್ನ ಲೆಕ್ಕಕ್ಕೆ ತಗೋಬೇಡಿ, ಅಲ್ಲಿಗೆ ಹೋದ್ಮೇಲೆ ಏನ್ಮಾಡಿದ್ರು ಬರ್ಕೊಳ್ಳಿ.

ಈಗ ಇದರ ಇನ್ನೊಂದು ಮುಖ ನೋಡಿ. ಎಲೆಕ್ಷನ್ ಹಿಂದಿನ ರಾತ್ರಿ ಬೀದೀಲಿ ದುಡ್ಡಿನ ಕವರ್ ಹಂಚ್ತಾರಲ್ಲ, ಆಗ ಹುಡುಗ್ರು ಜೇಬಿಂದ ಮಂಜುನಾಥನ ಫೋಟೋನೋ ಮಾದಪ್ಪನ ಫೋಟೋನೋ ತೆಗೆದು ಅಮ್ಮಾ ಇದನ್ನ ಮುಟ್ಟಿ ಆಣೆ ಮಾಡಿ, ನಮಗೇ ಹಾಕ್ತೀನಿ ಅಂತ ಹೇಳಿ ಅಂತಾರೆ. ಇಂಥಾ ಕಥೆ ಕರ್ನಾಟಕದ ಮೂಲೆ ಮೂಲೇಲಿ ಕೇಳಿರ್ತೀರ. ತಾನು ಆಣೆ ಮಾಡೋಕೆ ಹೆದರೋ ಲೀಡರ್, ಗಾರ್ಮೆಂಟ್ಸಿಗೆ ಹೋಗೋ ಹೆಣ್ಣುಮಗಳ ಕೈಲಿ ಆಣೆ ಮಾಡಿಸ್ತಾನೆ. ಆಣೆ ಅಂದ್ರೆ ಏನು ಅಂತ ಅವ್ನಿಗೆ ಚೆನ್ನಾಗಿ ಗೊತ್ತು, ಅದಕ್ಕೇ ಮಾಡ್ಸೋದು. ನನ್ನ ಲೆಕ್ಕದಲ್ಲಿ ಬರೀ ಫೋಟೋಗೆ ಪೂಜೆ ಮಾಡೋನಿಗಿಂತ ಇವ್ನು ಸಾವಿರ ಪಾಲು ಕೆಟ್ಟೋನು.

ಕಾನೂನು ಏನ್ ಹೇಳುತ್ತೆ ಅಂದ್ರೆ, 1951ರ ಜನಪ್ರತಿನಿಧಿ ಕಾಯ್ದೆ ಸೆಕ್ಷನ್ 123ರಲ್ಲಿ ವೋಟರಿಗೆ ದೇವ್ರ ಅವಕೃಪೆಗೆ ಗುರಿ ಆಗ್ತೀಯ ಅಂತ ನಂಬಿಸಿ ವೋಟು ಹಾಕ್ಸೋಕೆ ನೋಡೋದೂ ಭ್ರಷ್ಟ ಆಚರಣೆನೇ. ಅದೇ ಸೆಕ್ಷನ್ನಲ್ಲಿ ಧರ್ಮದ ಹೆಸರಲ್ಲಿ ವೋಟು ಕೇಳೋ ಹಾಗಿಲ್ಲ ಅಂತನೂ ಇದೆ, 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ಜಡ್ಜ್‌ಗಳ ಪೀಠ 4-3ರಲ್ಲಿ ಕ್ಯಾಂಡಿಡೇಟ್ ಧರ್ಮ ಮಾತ್ರ ಅಲ್ಲ, ವೋಟರ್ ಧರ್ಮದ ಹೆಸರಲ್ಲಿ ಕೇಳಿದ್ರೂ ತಪ್ಪೇ ಅಂತ ಹೇಳ್ತು. ಆದ್ರೆ ಇದನ್ನ ಹಿಡ್ಕೊಂಡು ಎಲೆಕ್ಷನ್ ರದ್ದು ಮಾಡ್ಸೋಕೆ ರಿಸಲ್ಟ್ ಬಂದು 45 ದಿನದೊಳಗೆ ಹೈಕೋರ್ಟಲ್ಲಿ ಅರ್ಜಿ ಹಾಕ್ಬೇಕು, ಸಾಕ್ಷಿ ಬೇಕು. ಆಣೆ ಮಾಡಿದ ಅಮ್ಮ ಕೋರ್ಟಿಗೆ ಬಂದು ಹೇಳ್ತಾಳಾ? ಅವಳಿಗೆ ದೇವ್ರ ಭಯ ಇದೆಯಲ್ಲ.

ಖರ್ಚು ಯಾರ್ದು

ಬೆಂಗಳೂರಿನವ್ರಿಗೆ ಇದು ಬಿಡಿಸಿ ಹೇಳ್ಬೇಕಾಗಿಲ್ಲ. ಡಿಸೆಂಬರ್ ಜನವರಿ ಬಂತು ಅಂದ್ರೆ ಬೀದಿ ಬೀದೀಲಿ ಕೆಂಪು ಸೀರೆ ಉಟ್ಟ ಹೆಂಗಸ್ರು, ತಮಿಳುನಾಡಿನ ಮೇಲ್‌ಮರುವತ್ತೂರಿಗೆ ಲೀಡರ್ ಕಳಿಸೋ ಓಂ ಶಕ್ತಿ ಯಾತ್ರೆ ಬಸ್ಸು, ಬಸ್ಸಿನ ಮುಂದೆ ಅಮ್ಮನ ಫೋಟೋಗಿಂತ ದೊಡ್ಡದಾಗಿ ಅಣ್ಣನ ಫೋಟೋ. ಉಳಿದ ಟೈಮಲ್ಲಿ ತಿರುಪತಿ, ಧರ್ಮಸ್ಥಳ, ಮಲೆ ಮಹದೇಶ್ವರ ಬೆಟ್ಟ. ಗೌರಿ ಹಬ್ಬಕ್ಕೆ ಬಾಗಿನ, ಸೀರೆ, ಅರಿಶಿನ ಕುಂಕುಮ. ಹೋಗೋ ಹೆಂಗಸ್ರ ಭಕ್ತಿ ಬಗ್ಗೆ ಒಂದು ಮಾತೂ ಆಡಲ್ಲ ನಾನು, ವ್ರತ ಹಿಡಿದು ಇರುಮುಡಿ ಹೊತ್ತು ಹೋಗ್ತಾರೆ. ಕಳಿಸೋರ ಬಗ್ಗೆ ಕೇಳ್ಬೇಕಾಗಿರೋ ಪ್ರಶ್ನೆ ಸಿಂಪಲ್, ಎಲೆಕ್ಷನ್ ಸೋತ ಮರುವರ್ಷ ಬಸ್ ಬಂತಾ? ಬೇರೆ ವಾರ್ಡಿನ ಬಡ ಹೆಂಗಸು ಕೇಳಿದ್ರೆ ಸೀಟ್ ಸಿಗುತ್ತಾ, ಇಲ್ಲಾ ವೋಟರ್ ಐಡಿ ಝೆರಾಕ್ಸ್ ಕೇಳ್ತಾರಾ?

ದೊಡ್ಡ ಕಾಣಿಕೆ ನೋಡಿ ಮರುಳಾಗ್ಬೇಡಿ. ಗಾಲಿ ಜನಾರ್ದನ ರೆಡ್ಡಿ 2009ರಲ್ಲಿ ತಿರುಪತಿ ತಿಮ್ಮಪ್ಪನಿಗೆ ವಜ್ರದ ಕಿರೀಟ ಕೊಟ್ರು, 45 ಕೋಟಿ ಅಂತ ಸುದ್ದಿ. 2011ರ ಸೆಪ್ಟೆಂಬರಲ್ಲಿ ಅಕ್ರಮ ಗಣಿಗಾರಿಕೆ ಕೇಸಲ್ಲಿ ಸಿಬಿಐ ಅರೆಸ್ಟ್ ಮಾಡ್ತು. ಭಕ್ತಿ ಸುಳ್ಳು ಅಂತ ಇದರಿಂದ ಸಾಬೀತಾಗಲ್ಲ, ತಿಮ್ಮಪ್ಪನ ಮೇಲೆ ಅಪಾರ ಭಕ್ತಿ ಇರ್ಬಹುದು. ಕಿರೀಟ ನೋಡಿ ಕ್ಯಾರೆಕ್ಟರ್ ಸರ್ಟಿಫಿಕೇಟ್ ಕೊಡೋ ಹಾಗಿಲ್ಲ ಅಷ್ಟೇ.

ಅದ್ರ ಬದ್ಲು ಸಣ್ಣದನ್ನ ನೋಡಿ. ನಮ್ ರಾಜ್ಯದಲ್ಲಿ ಮುಜರಾಯಿ, ಅಂದ್ರೆ ಸರ್ಕಾರದ ಸುಪರ್ದಿಲಿರೋ ಗುಡಿಗಳಿಗೆ ಗ್ರೇಡ್ ಇದೆ, ವರ್ಷಕ್ಕೆ 25 ಲಕ್ಷ ಮೀರಿ ಆದಾಯ ಇದ್ರೆ ಎ, 5ರಿಂದ 25 ಲಕ್ಷ ಬಿ, 5 ಲಕ್ಷಕ್ಕಿಂತ ಕಮ್ಮಿ ಸಿ. ಸಿ ಗ್ರೇಡೇ 34 ಸಾವಿರದಷ್ಟಿದೆ. ಎಷ್ಟೋ ಕಡೆ ದೀಪದ ಎಣ್ಣೆಗೂ ಸರ್ಕಾರ ಕೊಡೋ ತಸ್ತೀಕ್ ಹಣನೇ ಗತಿ, ಅದೂ ಟೈಮಿಗೆ ಬಂದ್ರೆ. ನಿಮ್ ಲೀಡರ್ ಹೋಗೋದೆಲ್ಲಾ ಎ ಗ್ರೇಡ್ ಗುಡಿಗೇನಾ? ಅಸೆಂಬ್ಲೀಲಿ ಸಿ ಗ್ರೇಡ್ ಅರ್ಚಕರ ಬಗ್ಗೆ ಒಂದು ಪ್ರಶ್ನೆ ಆದ್ರೂ ಕೇಳಿದ್ದಾರಾ? ಜೊತೆಗೆ ನಾಮಿನೇಷನ್ ಟೈಮಲ್ಲಿ ಹಾಕೋ ಫಾರ್ಮ್ 26 ಅಫಿಡವಿಟ್ ಚುನಾವಣಾ ಆಯೋಗದ ಸೈಟಲ್ಲೇ ಸಿಗುತ್ತೆ, ಆಸ್ತಿ, ಸಾಲ, ಐದು ವರ್ಷದ ಆದಾಯ, ಕೇಸು ಎಲ್ಲಾ ಇರುತ್ತೆ. ಸ್ವಂತ ಆದಾಯ ಇಷ್ಟು ಅಂತ ಬರೆದು, ಅದಕ್ಕಿಂತ ಜಾಸ್ತಿ ಹೋಮಕ್ಕೂ ಬಸ್ಸಿಗೂ ಖರ್ಚು ಮಾಡಿದ್ರೆ ಪೂಜೆ ಯಾರ ದುಡ್ಡಲ್ಲಿ ಅಂತ ಕೇಳೋ ಹಕ್ಕು ನಮಗಿದೆ.

ಕುರ್ಚಿ ಹೋದ್ಮೇಲೆ

ಇದು ನಿಧಾನದ ಟೆಸ್ಟು ಆದ್ರೆ ಪಕ್ಕಾ. ಅಮೆರಿಕದ ಜಿಮ್ಮಿ ಕಾರ್ಟರ್ 1981ರಲ್ಲಿ ಅಧ್ಯಕ್ಷಗಿರಿ ಬಿಟ್ಟು ಪ್ಲೇನ್ಸ್ ಅನ್ನೋ ತಮ್ಮ ಸಣ್ಣ ಊರಿಗೆ ಹೋಗಿ, ತೊಂಬತ್ತು ದಾಟಿದ್ರೂ ಅಲ್ಲಿನ ಚರ್ಚಲ್ಲಿ ಭಾನುವಾರದ ಪಾಠ ಮಾಡ್ತಿದ್ರು. ಬ್ರಿಟನ್ನಿನ ಟೋನಿ ಬ್ಲೇರ್ ಕಥೆ ಇನ್ನೂ ಮಜಾ, ಪ್ರಧಾನಿ ಆಗಿದ್ದಾಗ ಅವ್ರ ಮೀಡಿಯಾ ಸಲಹೆಗಾರ ನಾವು ದೇವ್ರ ವಿಷಯ ಮಾತಾಡಲ್ಲ ಅಂತ ಪ್ರಶ್ನೆನೇ ಕಟ್ ಮಾಡಿದ್ರು, 2007ರ ಜೂನಲ್ಲಿ ಹುದ್ದೆ ಬಿಟ್ರು, ಅದೇ ಡಿಸೆಂಬರಲ್ಲಿ ಕ್ಯಾಥೊಲಿಕ್ ಆದ್ರು. ಅಲ್ಲಿ ಭಕ್ತಿ ತೋರ್ಸಿದ್ರೆ ನಷ್ಟ, ಇಲ್ಲಿ ತೋರ್ಸದಿದ್ರೆ ನಷ್ಟ. ನಮ್ಮಲ್ಲಿ ಸೋತ ಮಾಜಿಗಳು ಬೆಂಗಳೂರು ಕರಗಕ್ಕೆ ಗುಂಪಲ್ಲಿ ಒಬ್ರಾಗಿ ಬರ್ತಾರಾ, ಇಲ್ಲಾ ವಿಐಪಿ ಪಾಸ್ ಇಲ್ಲ ಅಂತ ಮನೇಲೇ ಇರ್ತಾರಾ ನೋಡಿ.

ನಾಸ್ತಿಕರಿಗೇನೂ ರಿಯಾಯ್ತಿ ಇಲ್ಲ, ಅವ್ರಿಗೂ ಇದೇ ಅಳತೆ. ಸತೀಶ್ ಜಾರಕಿಹೊಳಿ ಡಿಸೆಂಬರ್ 6ಕ್ಕೆ ಬೆಳಗಾವಿ ಸ್ಮಶಾನದಲ್ಲಿ ಕಾರ್ಯಕ್ರಮ ಮಾಡಿ ಅಲ್ಲೇ ಊಟ ಮಾಡಿ ರಾತ್ರಿ ಅಲ್ಲೇ ಮಲಗ್ತಾರೆ, ಮೌಢ್ಯದ ವಿರುದ್ಧ ಅಂತ. ಜಾತಿ ಲೆಕ್ಕಾಚಾರದ ರಾಜಕೀಯದಲ್ಲಿ ಅದಕ್ಕೆ ಧೈರ್ಯ ಬೇಕು, ಒಪ್ತೀನಿ. ಕ್ಯಾಮೆರಾ ಅಲ್ಲೂ ಇರುತ್ತೆ ಅನ್ನೋದೂ ನಿಜ. 2022ರ ನವೆಂಬರಲ್ಲಿ ಹಿಂದೂ ಅನ್ನೋ ಪದದ ಬಗ್ಗೆ ಮಾತಾಡಿ ಗಲಾಟೆ ಆದ್ಮೇಲೆ ಹೇಳಿಕೆ ವಾಪಸ್ ತಗೊಂಡ್ರು, ಅದನ್ನೂ ಪಕ್ಕದಲ್ಲೇ ಬರ್ಕೊಳ್ಳಿ. ಸಿದ್ದರಾಮಯ್ಯನವ್ರು 2013ರಿಂದ 18ರವರೆಗೆ ಸುಮಾರು ಸಲ ಚಾಮರಾಜನಗರಕ್ಕೆ ಹೋಗಿ ಐದು ವರ್ಷ ಪೂರ್ತಿ ಮುಗಿಸಿದ್ರು, 2017ರಲ್ಲಿ ಮೀನು ತಿಂದು ಧರ್ಮಸ್ಥಳದ ಗುಡಿಗೆ ಹೋದ್ರು ಅಂತ ದೊಡ್ಡ ಗಲಾಟೆ ಆದ್ರೂ ಕ್ಷಮೆ ಕೇಳ್ಲಿಲ್ಲ, ತಿಂದ್ರೆ ಏನು ಅನ್ನೋ ಥರಾನೇ ಮಾತಾಡಿದ್ರು. ನಷ್ಟ ಆಗುತ್ತೆ ಅಂತ ಗೊತ್ತಿದ್ದೂ ನಿಂತಿದ್ದಕ್ಕೆ ಆ ಒಂದು ಕಾಲಂನಲ್ಲಿ ಮಾರ್ಕ್ಸ್ ಕೊಡಿ, ಉಳಿದ ಕಾಲಂ ನಿಮ್ಮಿಷ್ಟ.

ಇಷ್ಟೆಲ್ಲಾ ಮಾಡಿ ಕೊನೆಗೆ ಭಕ್ತಿ ನಿಜ ಅಂತ ಬಂದ್ರೆ ವೋಟು ಹಾಕ್ಬೇಕಾ? ಅದೇನ್ ಕ್ವಾಲಿಫಿಕೇಷನ್ ಅಲ್ಲ ರೀ. ಸುಳ್ಳು ಅಂತ ಬಂದ್ರೆ ಮಾತ್ರ ಒಂದು ಪ್ರಯೋಜನ ಇದೆ, ದೇವ್ರ ವಿಷಯದಲ್ಲೇ ನಾಟಕ ಆಡೋರು ರಾಜಕಾಲುವೆ ವಿಷಯದಲ್ಲಿ ಏನ್ ಆಡ್ತಾರೆ ಅಂತ ಗೊತ್ತಾಗುತ್ತೆ.

ನೀತಿ ಸಂಹಿತೆ ಜಾರಿ ಆದ್ಮೇಲೆ ಗುಡಿ ಮಸೀದಿ ಚರ್ಚ್ ಒಳಗೆ ಪ್ರಚಾರ ಮಾಡೋ ಹಾಗಿಲ್ಲ, ಯಾತ್ರೆ ಬಸ್ಸು ಸೀರೆ ಯಾವ್ದೂ ಕೊಡೋ ಹಾಗಿಲ್ಲ. ಕಂಡ್ರೆ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪಲ್ಲಿ ಅಲ್ಲೇ ನಿಂತು ವಿಡಿಯೋ ತೆಗ್ದು ಹಾಕಿ, 100 ನಿಮಿಷದೊಳಗೆ ಕ್ರಮ ಅಂತ ಆಯೋಗದ ಲೆಕ್ಕ, ನಿಮ್ಮ ಹೆಸರು ಹೇಳ್ದೇನೂ ಹಾಕ್ಬಹುದು. ಗ್ಯಾಲರೀಲಿರೋ ಹಳೇ ವಿಡಿಯೋ ತಗೊಳಲ್ಲ ಅದು, ಲೈವ್ ಆಗೇ ತೆಗೀಬೇಕು. ಬುದ್ಧಿವಂತರು ಸಂಹಿತೆಗೆ ಮುಂಚೆನೇ ಎಲ್ಲಾ ಮುಗ್ಸಿರ್ತಾರೆ, 2023ರಲ್ಲಿ ಸಂಹಿತೆ ಬಂದಿದ್ದು ಮಾರ್ಚ್ 29ಕ್ಕೆ, ಓಂ ಶಕ್ತಿ ಬಸ್ಸುಗಳು ಅಷ್ಟೊತ್ತಿಗೆ ಹೋಗಿ ಬಂದು ಎರಡು ತಿಂಗಳಾಗಿತ್ತು. ಅಂಥದ್ದಕ್ಕೆ ಆ್ಯಪ್ ಉಪಯೋಗ ಇಲ್ಲ, ಬಸ್ಸಿನ ಮೇಲಿರೋ ಬ್ಯಾನರ್ ಫೋಟೋ ಡೇಟ್ ಸಮೇತ ತೆಗ್ದಿಟ್ಕೊಳ್ಳಿ, ಮುಂದಿನ ಸಲ ಅಣ್ಣ ಕೈ ಮುಗ್ಕೊಂಡು ಬಾಗಿಲಿಗೆ ಬಂದಾಗ ಸೋತ ವರ್ಷ ಬಸ್ ಯಾಕೆ ಬರ್ಲಿಲ್ಲ ಅಂತ ಕೇಳೋಕೆ ಬೇಕಾಗುತ್ತೆ.